ಕಂಬಳಿಗೆ ಮೈಲಿಗೆಯಿಲ್ಲ

ಹೋದ ತಿಂಗಳು ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಹೋಗುವ ಬಸ್ಸಿನಲ್ಲಿ ಕುರಿ ಕಾಯುವವನೊಬ್ಬ ನನ್ನ ಪಕ್ಕಕ್ಕೆ ಬಂದು ಕೂತ. ಹೊರಗೆ ಜಡಿಮಳೆ. ಅವನು ಹೊದ್ದಿದ್ದ ಕಂಬಳಿ ನೆನೆದು ತೊಟ್ಟಿಕ್ಕುತ್ತಿತ್ತು. ಒದ್ದೆ ಉಣ್ಣೆ, ಹುಣಸೆ ಬೀಜದ ಗಂಜಿ, ಬೀಡಿ ಹೊಗೆ, ಕುರಿ ಹಿಕ್ಕೆ, ಎಲ್ಲ ಸೇರಿದ ವಾಸನೆ. ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಕಂಡಕ್ಟ್ರೇ, ಇವನನ್ನ ಹಿಂದಕ್ಕೆ ಕಳಿಸ್ರೀ" ಅಂದಳು.

"ಅವನೂ ಟಿಕೀಟು ತಗೊಂಡಿದಾನೆ. ಸುಮ್ನೆ ಕೂತ್ಕೊಳಮ್ಮ" ಎಂದೆ. ಇಷ್ಟು ವರ್ಷ ಶಾಲೆಯ ಮಕ್ಕಳನ್ನು ಗದರಿಸಿ ಗದರಿಸಿ ನನ್ನ ಗಂಟಲು ಒರಟಾಗಿದೆ. ಅವಳು ತಿರುಗಿ ನೋಡಲಿಲ್ಲ. ಪಕ್ಕದವನು ತೂಕಡಿಸತೊಡಗಿದ ಮೇಲೆ, ಅವನಿಗೆ ತಿಳಿಯದ ಹಾಗೆ, ಆ ಕಂಬಳಿಯ ಒಂದು ಅಂಚನ್ನು ಬೆರಳುಗಳಲ್ಲಿ ಹಿಡಿದುಕೊಂಡೆ. ನಾನು ಇಳಿಯಬೇಕಾದ ಊರು ದಾಟಿಹೋಯಿತು. ಕಂಡಕ್ಟರ್ ಬೈದ. ಬೈಯಲಿ.

ಆ ವಾಸನೆಗೂ ನನಗೂ ಇರುವ ನಂಟು ಒಂದು ಸುಗ್ಗಿಯದು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆಗೆ ಬರ, ಬಟ್ಟೆಗೆ ಬರ. ನಾನು ಮದುವೆಯಾಗಿ ಮುಳಬಾಗಿಲು ತಾಲೂಕಿನ ಆ ಹಳ್ಳಿಗೆ ಬಂದು ಎರಡನೇ ವರ್ಷ. ನನ್ನ ತವರು ಮಾಲೂರು ತಾಲೂಕಿನ ಶಿವಾರಪಟ್ಟಣದ ಪಕ್ಕ. ವಿಗ್ರಹ ಕೆತ್ತುವವರ ಉಳಿಯ ಸದ್ದು ಕೇಳಿಕೊಂಡು ಬೆಳೆದವಳು ನಾನು. ಗಂಡನ ಊರಿಗೆ ಬಂದರೆ ಅರ್ಧ ಮಾತು ತೆಲುಗು. ಅತ್ತೆ ಬೈಯುತ್ತಿದ್ದಾರೋ ಊಟಕ್ಕೆ ಕರೆಯುತ್ತಿದ್ದಾರೋ ತಿಳಿಯದೆ ಮೊದಲ ಆರು ತಿಂಗಳು ಎರಡಕ್ಕೂ ತಲೆಯಾಡಿಸಿದ್ದೆ. ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ನಾನು ಮಾಲೂರಮ್ಮ.

ಮನೆಯಲ್ಲಿದ್ದವರು ನಾಲ್ಕೇ ಜನ. ಮಾವ ಮುನಿಯಪ್ಪ, ಅತ್ತೆ, ನನ್ನ ಗಂಡ ನಾರಾಯಣಪ್ಪ, ನಾನು. ಐದನೆಯದು ಮಾವನ ಕಂಬಳಿ. ಹಾಗೆಂದವರು ಅತ್ತೆಯೇ. "ನಾನು ಎರಡನೇ ಹೆಂಡ್ತಿ ಕಣೇ. ಮೊದಲನೇದು ಆ ಗೊಂಗಳಿ. ನನಗಿಂತ ಮುಂಚೆ ಬಂತು" ಎನ್ನುತ್ತಿದ್ದರು. ಅವರ ಬಾಯಲ್ಲಿ ಕಂಬಳಿ ಯಾವತ್ತೂ ಗೊಂಗಳಿಯೇ.

ಮಾವ ಹರೆಯದಲ್ಲಿ ತಾವೇ ಸಾಕಿದ ಕುರಿಗಳ ಉಣ್ಣೆ ಕತ್ತರಿಸಿ, ಊರಾಚೆಯ ಕುರುಬರ ಮಗ್ಗದಲ್ಲಿ ನೇಯಿಸಿದ ಕಂಬಳಿ ಅದು. ಎರಡು ಪಟ್ಟಿ ನೇಯ್ದು ನಡುವೆ ಹೊಲಿದದ್ದು. ಹುಣಸೆ ಬೀಜದ ಗಂಜಿ ಕುಡಿದು ಕುಡಿದು ಹಲಗೆಯಂತೆ ಬಿಗಿಯಾಗಿತ್ತು. ಮಳೆ ಬಂದರೆ ಅದನ್ನೇ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಉಳುವುದು, ಬಿಸಿಲಾದರೆ ಎರಡು ಕೋಲಿಗೆ ಕಟ್ಟಿ ನೆರಳು ಮಾಡುವುದು, ರಾತ್ರಿ ಹೊಲ ಕಾಯುವಾಗ ಹೊದೆಯುವುದು. ಪಂಚಾಯಿತಿಗೆ ಹಾಸುವುದು ಅದನ್ನೇ. ಆಗ ತಾನೇ ಹುಟ್ಟಿದ ಕರುವನ್ನು ಹೊಲದಿಂದ ಹೊತ್ತು ತರುವುದೂ ಅದರಲ್ಲೇ. ನನ್ನ ಗಂಡ ಹೊಲದ ಬದುವಿನಲ್ಲೇ ಹುಟ್ಟಿದಾಗ ಅವನನ್ನೂ ಅದರಲ್ಲೇ ಸುತ್ತಿ ತಂದರಂತೆ. ಎತ್ತಿನ ಕೊಂಬು ತಗುಲಿ ಹರಿದದ್ದು ಒಂದು ಕಡೆ, ಬೀಡಿ ಕಿಡಿ ಬಿದ್ದ ತೂತು ಹತ್ತಾರು ಕಡೆ. ಮಾವ ಪ್ರತಿಯೊಂದಕ್ಕೂ ದಬ್ಬಳ ಹಿಡಿದು ಉಣ್ಣೆದಾರದಲ್ಲಿ ತಾವೇ ಹೊಲಿಗೆ ಹಾಕುತ್ತಿದ್ದರು, ಯಾರ ಕೈಗೂ ಕೊಡುತ್ತಿರಲಿಲ್ಲ. ಒಗೆಯುವ ಮಾತಂತೂ ಎತ್ತುವ ಹಾಗಿರಲಿಲ್ಲ. ಒಗೆದರೆ ಗಂಜಿ ಬಿಟ್ಟು ಕಂಬಳಿ ಜರಡಿಯಾಗುತ್ತದೆ, ಒಂದು ಹನಿ ತಡೆಯುವುದಿಲ್ಲ ಎನ್ನುವುದು ಅವರ ವಾದ.

ನನಗೆ ಅದನ್ನು ಕಂಡರೆ ಮೊದಮೊದಲು ಅಸಹ್ಯ. ನಮ್ಮ ಮದುವೆಯ ಹಸೆ ಮೇಲೂ ಅದನ್ನೇ ಹಾಸಿದ್ದರು, ರೇಷ್ಮೆ ಸೀರೆಯ ಕೆಳಗಿನಿಂದ ಚುಚ್ಚುತ್ತಿತ್ತು. ಬುತ್ತಿ ಕಟ್ಟಿಕೊಂಡು ಹೋದದ್ದೂ ಅದರಲ್ಲೇ ಅಂತ ತಿಳಿದು ಮುಖ ಸಿಂಡರಿಸಿದರೆ ಅತ್ತೆ, "ಕಂಬಳೀಲಿ ಉಣ್ಣೋರು ಕೂದಲು ಅಂದ್ರೆ ಆಯ್ತದಾ?" ಎಂದು ನಕ್ಕಿದ್ದರು. ಆದರೆ ಒಂದು ಸಂಜೆ ಹೊಲದಿಂದ ಬರುವಾಗ ಮಳೆ ಹಿಡಿಯಿತು. ಮಾವ ತಮ್ಮ ಕಂಬಳಿಯನ್ನು ಮಗನ ಹೆಗಲಿಗೆ ಎಸೆದು, ತಾವು ನೆನೆಯುತ್ತ ಎತ್ತು ಹೊಡೆದುಕೊಂಡು ಮುಂದೆ ಹೋಗಿಬಿಟ್ಟರು. ನಾವಿಬ್ಬರೂ ಒಂದೇ ಕೊಪ್ಪೆಯೊಳಗೆ ತಲೆ ತೂರಿಸಿಕೊಂಡು ಊರವರೆಗೂ ನಡೆದೆವು. ಅಂಥ ಮಳೆಯಲ್ಲೂ ಒಳಗೆ ಬೆಚ್ಚಗಿತ್ತು. ನನ್ನ ಗಂಡ ನನ್ನ ಕೂಡ ಮೊದಲ ಬಾರಿಗೆ ಮನಬಿಚ್ಚಿ ಮಾತಾಡಿದ್ದು ಆ ಕಂಬಳಿಯೊಳಗೆ. ಆಮೇಲೆ ಆ ವಾಸನೆ ನನಗೆ ವಾಸನೆ ಅನ್ನಿಸಲಿಲ್ಲ.

ಆ ವರ್ಷ ರಾಗಿ ಕುಯ್ಲು ಆಗಿತ್ತು. ತೆನೆ ಇನ್ನೂ ಕಣಕ್ಕೆ ಬಂದಿರಲಿಲ್ಲ. ಆಗ ಊರ ಮೇಲುಗಡೆ ಬೀದಿಯಲ್ಲಿ ಇಲಿ ಬಿತ್ತು. ಇಲಿ ಸತ್ತು ಬಿತ್ತು ಅಂದರೆ ಪ್ಲೇಗು, ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕು ದಿನಕ್ಕೆ ಆ ಬೀದಿಯಲ್ಲಿ ಎರಡು ಹೆಣ ಬಿದ್ದವು. ತೋಟಿ ತಮಟೆ ಹೊಡೆದ. ಎಲ್ಲರೂ ಮನೆಗೆ ಬೀಗ ಜಡಿದು ತಂತಮ್ಮ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಊರ ಬಾಗಿಲಿಗೆ ಜಾಲಿ ಮುಳ್ಳಿನ ಕಂತೆ ಎಳೆದು ಮುಚ್ಚಿ, ಪ್ಲೇಗಮ್ಮನಿಗೆ ಒಂದು ಕಲ್ಲು ನಿಲ್ಲಿಸಿ, ಅರಿಶಿನ ಬಳಿದು, ಬಂದ ದಾರಿಯಲ್ಲೇ ಹೋಗು ತಾಯಿ ಎಂದು ಕೈಮುಗಿದದ್ದಾಯಿತು.

ನಾವು ಹೊರಟ ದಿನ ಅತ್ತೆ ಒಂದು ಕೆಲಸ ಮಾಡಿದರು. ಮನೆ ಬಿಟ್ಟು ಹೋಗುವಾಗ ಧಾನ್ಯವನ್ನು ಬರಿದೇ ಬಿಟ್ಟು ಹೋಗಬಾರದು, ಯಜಮಾನ ಹೊದೆಯುವ ಕಂಬಳಿಯನ್ನು ಅದರ ಮೇಲೆ ಹೊದಿಸಿ ಹೋಗಬೇಕು, ಯಜಮಾನ ಇಲ್ಲೇ ಇದ್ದಾನೆ ಅಂತ ಲಕ್ಷ್ಮಿ ಹೊರಗೆ ಕಾಲಿಡುವುದಿಲ್ಲ ಎನ್ನುವುದು ಅವರ ಮನೆತನದ ನಂಬಿಕೆ. ಹಾಗಾಗಿ ರಾಗಿ ತುಂಬಿದ ಮಣ್ಣಿನ ವಾಡೆಗೆ ಮಾವನ ಕಂಬಳಿ ಹೊದಿಸಿ ಬಾಗಿಲು ಹಾಕಿದರು. ಮಾವ ಬೀದಿ ತಿರುಗುವ ತನಕ ಹಿಂದೆ ಹಿಂದೆ ನೋಡುತ್ತಿದ್ದರು.

ಮುಳಬಾಗಿಲಿನಿಂದ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ. ಗುಡಿಸಲು ಗುಡಿಸಲಿಗೆ ಹೋಗಿ ಒಂದೇ ಮಾತು ಹೇಳಿದರು: "ಊರೊಳಗಿಂದ ತಂದಿರೋ ಬಟ್ಟೆಬರೆ ಎಲ್ಲಾ ಕುದಿಸಿ. ಕುದಿಸಕ್ಕಾಗದ್ದನ್ನ ಬಂಡೆ ಮೇಲೆ ಬಿಸಿಲಿಗೆ ಹಾಕಿ, ಬೆಳಗಿಂದ ಸಂಜೆವರ್ಗೂ ಎರಡೂ ಕಡೆ ಕಾಯ್ಲಿ. ಮಧ್ಯೆ ಮಗುಚಿ ಹಾಕೋದು ಮರೀಬೇಡಿ. ಇಲಿ ಮೈಮೇಲಿನ ಚಿಗಟ ಅದರಲ್ಲಿ ಕೂತಿರುತ್ತೆ." ಸೂಜಿ ಹಾಕಿಸಿಕೊಳ್ಳಿ ಎಂದೂ ಹೇಳಿದರು. ಸೂಜಿ ಹಾಕಿದರೆ ತೋಳು ಊದಿಕೊಂಡು ಜ್ವರ ಬರುತ್ತದೆ, ಕಣದ ಕೆಲಸ ನಿಲ್ಲುತ್ತದೆ. "ಸುಗ್ಗಿ ಮುಗೀಲಿ ಸಾಮಿ, ಎರಡೂ ತೋಳಿಗೂ ಹಾಕಿಸ್ಕೋತೀನಿ" ಎಂದು ನನ್ನ ಗಂಡ ನಕ್ಕ.

ಅತ್ತೆಯಷ್ಟು ಶ್ರದ್ಧೆಯಿಂದ ಆ ಮಾತನ್ನು ನಡೆಸಿದವರು ಇನ್ನೊಬ್ಬರಿಲ್ಲ. ದೊಡ್ಡ ಹಂಡೆ ಇಟ್ಟು ಸೀರೆ, ಪಂಚೆ, ದುಪ್ಪಟಿ, ಕೊನೆಗೆ ಎತ್ತಿನ ಕುತ್ತಿಗೆಯ ಪಟ್ಟಿಯನ್ನೂ ಕುದಿಸಿದರು. ಆದರೆ ಇನ್ಸ್‌ಪೆಕ್ಟರು ಹೇಳಿದ್ದು ಚಿಗಟದ ಮಾತು, ಅತ್ತೆಗೆ ಕೇಳಿಸಿದ್ದು ಮಡಿಯ ಮಾತು. ಸಾವಿನ ಮನೆಯ ಮೈಲಿಗೆಯಂತೆ ಇದೂ ಒಂದು ಮೈಲಿಗೆ, ನೀರಿಗೂ ಬೆಂಕಿಗೂ ಹೋಗುವಂಥದ್ದು ಅಂತ ಅವರು ತಿಳಿದರು. ಅವರೊಬ್ಬರೇ ಅಲ್ಲ, ನಾವೆಲ್ಲರೂ ಹಾಗೇ ತಿಳಿದಿದ್ದೆವು.

ಪುಷ್ಯ ಮಾಸದ ಚಳಿ. ಬಯಲು ಹೊಲ, ಸೋಗೆಯ ಗುಡಿಸಲು, ನಾಲ್ಕೂ ಕಡೆಯಿಂದ ಗಾಳಿ. ಮಾವ ಕುದಿಸಿದ ದುಪ್ಪಟಿ ಹೊದ್ದು ಮೂರು ರಾತ್ರಿ ಮುದುರಿಕೊಂಡು ಮಲಗಿದರು. ಮೈಗೆ ಚಳಿ ಆಗುತ್ತಿತ್ತು ನಿಜ, ಆದರೆ ಅದಕ್ಕಿಂತ ಹೆಚ್ಚಾಗಿ ಅವರ ಹೆಗಲಿಗೆ ಏನೋ ಕಡಿಮೆಯಾಗಿತ್ತು. ಮಾತು ಮಾತಿಗೆ ಎಡಹೆಗಲು ಮುಟ್ಟಿಕೊಳ್ಳುತ್ತಿದ್ದರು. ನಾಲ್ಕನೆಯ ದಿನ ನಡುಮಧ್ಯಾಹ್ನ ಯಾರಿಗೂ ಹೇಳದೆ ಮುಳ್ಳಿನ ಕಂತೆ ಸರಿಸಿ ಊರೊಳಗೆ ಹೋದರು. ಬರುವಾಗ ಕಂಬಳಿ ಹೆಗಲ ಮೇಲಿತ್ತು, ಮುಖ ಗೆಲುವಾಗಿತ್ತು.

ಅತ್ತೆ ಎದೆ ಬಡಿದುಕೊಂಡರು. "ಅಯ್ಯೋ ದೇವುಡಾ! ಹಾಳೂರಿಗೆ ಯಾಕೆ ಹೋದೆ? ಅಲ್ಲೇ ನಿಂತ್ಕೋ!" ಮಾವನನ್ನು ದೂರದಲ್ಲೇ ನಿಲ್ಲಿಸಿ, ತಲೆಗೆ ಅರಿಶಿನದ ನೀರು ಸುರಿದು, ಉಟ್ಟಿದ್ದ ಪಂಚೆ ರುಮಾಲು ಬಿಚ್ಚಿಸಿ ಕೋಲಿನಿಂದ ಎತ್ತಿ ಹಂಡೆಗೆ ಹಾಕಿದರು. ಕಂಬಳಿ ಮಾತ್ರ ಬದುವಿನ ಮೇಲೆ ಹಾಗೇ ಇತ್ತು.

"ಇದನ್ನೂ ಹಂಡೆಗೆ ಹಾಕ್ಲಾ ಅತ್ತೆ?" ಎಂದು ಕೇಳಿದೆ.

"ಏಮೇ ಮಾಲೂರಮ್ಮ, ನಿಮ್ಮ ಕಡೆ ಇಷ್ಟೂ ಹೇಳ್ಕೊಟ್ಟಿಲ್ವಾ? ಗೊಂಗಳಿಗೆ ಮೈಲಿಗೆ ಉಂಟಾ? ಹೆತ್ತ ಮನೇಲೂ ಅದೇ, ಸತ್ತ ಮನೇಲೂ ಅದೇ. ಮಡಿ ಅಂದ್ರೇನೇ ಅದು."

ಮಾವ ನಡುಗುತ್ತಲೇ, "ಕುದಿಸಿದ್ರೆ ಅದು ಸತ್ತೋಯ್ತದೆ ಕಣಮ್ಮ" ಎಂದರು. ಬಿಸಿಲಿಗಾದರೂ ಹಾಕಬಹುದಿತ್ತು. ಮೈ ಒರೆಸಿಕೊಂಡವರೇ ಅವರು ಅದನ್ನು ಹೆಗಲಿಗೆ ಹಾಕಿಕೊಂಡು ಕಣದ ಕಡೆ ನಡೆದರು.

ಮಾರನೆಯ ದಿನ ಕಣ ಮಾಡಿದರು. ತೆನೆ ಹರಡಿ, ಕಲ್ಲಿನ ಗುಂಡು ಕಟ್ಟಿ ಎತ್ತು ತಿರುಗಿಸಿದ್ದಾಯಿತು. ರಾಶಿ ಬಿದ್ದ ಮೇಲೆ ಯಾರಾದರೂ ಅಲ್ಲೇ ಮಲಗಿ ಕಾಯಬೇಕು. ಸಂಜೆ ನನ್ನ ಗಂಡ ಹೊರಟಾಗ ಮಾವ ಕಂಬಳಿ ತೆಗೆದು ಅವನ ಹೆಗಲಿಗೆ ಹಾಕಿದರು.

"ನಿಂಗೆ ಬೇಡ್ವೇನಪ್ಪಾ? ಅದಕ್ಕೋಸ್ಕರ ಊರೊಳಗೆ ಹೋಗಿ ಅಮ್ಮನ ಕೈಲಿ ತಲೆಗೆ ಹೊಯ್ಯಿಸ್ಕೊಂಡೆ."

"ತಗೊಳ್ಳಾ ನಾರಾಣ. ನಂಗೆ ಇಲ್ಲಿ ಬೆಂಕಿ ಐತೆ. ಬೈಯ್ಯಕ್ಕೆ ನಿಮ್ಮಮ್ಮ ಅವಳೆ. ಬೆಚ್ಚಗೇ ಇರ್ತೀನಿ."

ಕಂಬಳಿಯೊಳಗೆ ಕುತ್ತಿಗೆ ಹುದುಗಿಸಿಕೊಂಡು, ನನ್ನ ಕಡೆ ಒಂದು ಸಲ ನೋಡಿ, ಅವನು ಕಣಕ್ಕೆ ಹೋದ. ಆ ಮಳೆಯ ಸಂಜೆಯ ನೋಟ ಅದು. ನನಗೆ ಅರ್ಥವಾಗಿ ನಾಚಿಕೆಯಾಯಿತು. ಐದಾರು ರಾತ್ರಿ ಅದನ್ನೇ ಹೊದ್ದು ಕಣ ಕಾದ.

ಆಮೇಲೊಂದು ಬೆಳಿಗ್ಗೆ ಕಣದಿಂದ ಬರುವಾಗ ಕುಡಿದವನ ಹಾಗೆ ತೂರಾಡುತ್ತಿದ್ದ. ಕಣ್ಣು ಕೆಂಡ. ಮೈ ಮುಟ್ಟಿದರೆ ಸುಡುತ್ತಿತ್ತು. ತೊಡೆಯ ಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಅತ್ತೆ ಅದನ್ನು ನೋಡಿ ಹಾಗೇ ಕುಸಿದು ಕೂತರು. ಅಕ್ಕಪಕ್ಕದ ಹೊಲದವರು ತಮ್ಮ ಗುಡಿಸಲು ಕಿತ್ತುಕೊಂಡು ದೂರ ಹೋದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ, ನಾವೂ ಹಾಗೇ ಮಾಡುತ್ತಿದ್ದೆವು.

ಹೊಂಗೆ ಮರದಡಿ ಬೇರೆ ಗುಡಿಸಲು ಹಾಕಿ ಅವನನ್ನು ಮಲಗಿಸಿದೆವು. ಜ್ವರದಲ್ಲಿ ಉರಿ ಉರಿ ಎಂದು ಕಂಬಳಿಯನ್ನು ಒದೆಯುತ್ತಿದ್ದ. ಮಾವ ಮತ್ತೆ ತಂದು ಹೊದಿಸುತ್ತಿದ್ದರು. "ಬೆವರ್ಲಿ, ಜ್ವರ ಇಳೀತದೆ" ಎನ್ನುತ್ತಿದ್ದರು. ಅವನು ಒದೆಯುವುದು, ಇವರು ಹೊದಿಸುವುದು. ಎರಡು ದಿನ ಇದನ್ನು ನೋಡಿದೆ.

ಇನ್ಸ್‌ಪೆಕ್ಟರು ಬಂದರು. ನಾಡಿ ನೋಡಿದರು, ಗಡ್ಡೆ ನೋಡಿದರು, ಆಮೇಲೆ ಕಂಬಳಿಯ ಮೇಲೆ ಅವರ ಕಣ್ಣು ನಿಂತಿತು. ನನ್ನನ್ನು ಹೊರಗೆ ತಡಿಕೆಯ ಮರೆಗೆ ಕರೆದರು.

"ಅಮ್ಮ, ಈ ಕಂಬಳಿ ಎಲ್ಲಿತ್ತು?"

"ಊರ ಮನೇಲಿ. ರಾಗಿ ವಾಡೆ ಮೇಲೆ. ಮಾವ ಹೋಗಿ ತಂದ್ರು."

"ಕುದಿಸಿದ್ರಾ? ಬಿಸಿಲಿಗೆ ಹಾಕಿದ್ರಾ?"

"ಇಲ್ಲ. ಕಂಬಳಿಗೆ ಮೈಲಿಗೆ ಇಲ್ಲ ಅಂತ..." ಹೇಳುವಾಗಲೇ ನನಗೆ ತಿಳಿದುಹೋಗಿತ್ತು.

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇಲಿ ಓಡಾಡೋ ಜಾಗವೇ ರಾಗಿ ವಾಡೆ. ಇವರಿಗೆ ಬಂದಿರೋದು ಇದರಿಂದಲೇ ತಾಯಿ. ನಾನೇನು ಮಾಡೋ ಹಾಗಿಲ್ಲ. ಇನ್ನೊಬ್ಬರು ಹೊದೆಯೋಕೆ ಮುಂಚೆ ಅದನ್ನ ಸುಟ್ಟಾದ್ರೂ ಹಾಕಿ, ಹೂತಾದ್ರೂ ಹಾಕಿ."

ತಡಿಕೆಯ ಆಚೆ ಮಾವ ಬೇವಿನ ಕೊಂಬೆ ಕಡಿಯುತ್ತಿದ್ದರು. ಮಚ್ಚಿನ ಸದ್ದು ಆಗಾಗ ಬರುತ್ತಿತ್ತು. ಆ ಸದ್ದಿನಲ್ಲಿ ನಮ್ಮ ಮಾತು ಅವರಿಗೆ ಕೇಳಿಸಿರಲಾರದು ಎಂದುಕೊಂಡೆ.

ಮಾರನೆಯ ದಿನ ಹೊತ್ತೇರುವ ಮುಂಚೆ ನನ್ನ ಗಂಡ ಹೋದ. ಕೊನೆಗೆ ಅವನು ಏನೂ ಹೇಳಲಿಲ್ಲ, ಏನೂ ಕೇಳಲಿಲ್ಲ. ನನ್ನ ಗುರುತೂ ಅವನಿಗೆ ಇರಲಿಲ್ಲ. ಹೊಲದ ಮೂಲೆಯಲ್ಲಿ ಗುಂಡಿ ತೋಡಲು ತೋಟಿ ಒಬ್ಬನೇ ಬಂದ.

ಅತ್ತೆ ಮಗನ ಪಾದ ಹಿಡಿದುಕೊಂಡು ಬಿದ್ದಿದ್ದರು. ಮಾವ ಮಾತ್ರ ಅಳಲಿಲ್ಲ. ಮಗನ ಮೈಮೇಲಿದ್ದ ಕಂಬಳಿ ತೆಗೆದುಕೊಂಡು ಬದುವಿನ ಮೇಲೆ ಕೂತು, ಅದಕ್ಕೆ ಅಂಟಿದ್ದ ರಾಗಿ ಹೊಟ್ಟನ್ನು ಒಂದೊಂದಾಗಿ ಕೀಳುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ.

"ಇದನ್ನ ನಾನು ಬಿಡಲ್ಲ ಕಣಮ್ಮ" ಎಂದರು. "ಇದ್ರಲ್ಲಿ ಅವನ ಮೈ ವಾಸನೆ ಐತೆ. ನಾನಿರೋಗಂಟ ಹೊದ್ಕೊಂಡಿರ್ತೀನಿ."

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ನಿಮ್ಮ ಕಂಬಳಿಯೇ ಅವನನ್ನು ತಿಂದದ್ದು, ಮೂರು ರಾತ್ರಿ ಚಳಿ ತಡೆಯಲಾಗದೆ ನೀವು ಮಗನನ್ನೇ ತಂದು ಒಲೆಗೆ ಹಾಕಿದಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಹೇಳಿದ್ದರೆ ಅವರು ಆ ಕ್ಷಣವೇ ಕಂಬಳಿ ಬಿಡುತ್ತಿದ್ದರು. ಹೇಳದಿದ್ದರೆ ಹೊದೆಯುತ್ತಿದ್ದರು, ಸಾಯುತ್ತಿದ್ದರು, ಅವರ ಹಿಂದೆ ಅತ್ತೆ. ಅವರ ಬೋಳು ಹೆಗಲನ್ನು ನೋಡಿದೆ. ಕಂಬಳಿ ಹೊತ್ತು ಹೊತ್ತು ಎಡಹೆಗಲು ಸ್ವಲ್ಪ ಇಳಿದಿತ್ತು. ಬೇರೊಂದು ಮಾತು ನನ್ನ ಬಾಯಿಂದ ಬಂತು.

"ಮಾವ, ಅವರು ಕೇಳಿದ್ರು. ಕೊನೇಲಿ. ಚಳಿ ಅಂದ್ರು. ಅಪ್ಪನ ಕಂಬಳಿ ನನ್ನ ಜೊತೇಗೇ ಹಾಕು ಅಂದ್ರು."

ಮಾವ ತಲೆಯೆತ್ತಿ ನನ್ನನ್ನು ಬಹಳ ಹೊತ್ತು ನೋಡಿದರು. "ಹಂಗಂದ್ನಾ?"

"ಹೂಂ."

ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಎದ್ದರು. ತೋಟಿ ಬೇಡವೆಂದರೂ ಕೇಳದೆ ತಾವೇ ಗುಂಡಿಗಿಳಿದು ಮಗನಿಗೆ ಹೊದಿಸಿದರು. ಹೊಲಿಗೆ ಎದೆಯ ನಡುವೆ ಬರುವ ಹಾಗೆ ಸರಿಮಾಡಿದರು. ಪಾದದ ಕಡೆ ಗಾಳಿಯಾಡದ ಹಾಗೆ ಒಳಕ್ಕೆ ಸಿಕ್ಕಿಸಿದರು. ಮೇಲೆ ಬಂದವರೇ ಮೊದಲ ಹಿಡಿ ಮಣ್ಣು ಹಾಕಿದರು.

ಬಿಸಿಲು ಬಲಿತ ಮೇಲೆ ಪ್ಲೇಗು ಇಳಿಯಿತು. ಯುಗಾದಿ ಕಳೆದು ಊರಿಗೆ ವಾಪಸು ಹೋದೆವು. ನಮ್ಮಪ್ಪ ಬಂದು ತವರಿಗೆ ಕರೆದರು. ನಾನು ಹೋಗಲಿಲ್ಲ. ನಾಲ್ಕನೇ ಕ್ಲಾಸು ಓದಿದವಳು ನಾನು ಎಂದು ತಿಳಿದಿದ್ದ ಮಾವ, ಊರವರ ಮಾತಿಗೆ ಕಿವಿಗೊಡದೆ, ನನ್ನನ್ನು ಮತ್ತೆ ಓದಿಸಿ, ಕೋಲಾರಕ್ಕೆ ಕರೆದುಕೊಂಡು ಹೋಗಿ ಟೀಚರ್ ಟ್ರೈನಿಂಗಿಗೆ ಸೇರಿಸಿದರು. "ಒಕ್ಕಲು ಮನೆ ಮುಂಡೇನ ಓದಕ್ಕೆ ಕಳಿಸ್ತಾವ್ನೆ" ಅಂದವರಿಗೆ, "ಅವಳು ನನ್ನ ಮಗ" ಎಂದರಂತೆ.

ಮತ್ತೆ ಅವರು ಕಂಬಳಿ ಮುಟ್ಟಲಿಲ್ಲ. ಮಳೆಯಲ್ಲಿ ಗೋಣಿಚೀಲವನ್ನೇ ಕೊಪ್ಪೆ ಮಾಡಿಕೊಂಡು ಓಡಾಡುತ್ತಿದ್ದರು. ಗೋಣಿ ಎಷ್ಟು ಮಳೆ ತಡೆದೀತು? ನೆನೆದು ಮುದ್ದೆಯಾಗಿ ಬಂದು ಒಲೆಯ ಮುಂದೆ ಕೂತು ನಡುಗುತ್ತ ಒಂದೇ ಮಾತು ಕೇಳುತ್ತಿದ್ದರು. "ಅವನಿಗೆ ಬೆಚ್ಚಗಿರ್ತದೆ, ಅಲ್ವೇನಮ್ಮ?" ನಾನು, "ಹೂಂ ಮಾವ" ಎನ್ನುತ್ತಿದ್ದೆ. ಒಂದು ಸುಳ್ಳನ್ನು ಕಾಪಾಡುವುದು ಅಷ್ಟು ಕಷ್ಟ ಅಂತ ಹೇಳುವಾಗ ತಿಳಿದಿರಲಿಲ್ಲ.

ನನಗೆ ನಮ್ಮೂರ ಶಾಲೆಯಲ್ಲೇ ಕೆಲಸವಾದ ಮೇಲೆ, ಒಂದು ಮಾರ್ಗಶಿರದಲ್ಲಿ, ಮುಳಬಾಗಿಲ ಸಂತೆಯಿಂದ ಹೊಸ ಕಂಬಳಿ ತಂದೆ. ಮಾವನಿಗೆ ಆಗ ಎದೆಯಲ್ಲಿ ಕಫ ಕಟ್ಟಿ ರಾತ್ರಿಯೆಲ್ಲ ಕೆಮ್ಮು. ಬೈದರೂ ಸರಿ, ಎಸೆದರೂ ಸರಿ ಎಂದು ಗಟ್ಟಿ ಮನಸ್ಸು ಮಾಡಿ ಅವರ ಮುಂದೆ ಇಟ್ಟೆ. ಗಂಜಿಯ ವಾಸನೆ ಪಡಸಾಲೆಯೆಲ್ಲ ತುಂಬಿತು. ಮಾವ ಅದನ್ನು ತೊಡೆಯ ಮೇಲೆ ಎಳೆದುಕೊಂಡು, ನಡುವಿನ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಆಮೇಲೆ ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು.

"ಮೊದ್ಲು ಬಂಡೆ ಮೇಲೆ ಬಿಸಿಲಿಗೆ ಹಾಕಮ್ಮ. ಬೆಳಗಿಂದ ಸಂಜೆವರ್ಗೂ ಎರಡೂ ಕಡೆ ಕಾಯ್ಲಿ."

ಒಳಗಿನಿಂದ ಅತ್ತೆ, "ಹೊಸ ಗೊಂಗಳಿಗೆ ಬಿಸಿಲು ಯಾಕೆ? ಅದಕ್ಕೇನು ಮೈಲಿಗೆ ಉಂಟಾ..." ಎಂದು ಶುರುಮಾಡಿದರು.

"ನೀನು ಸುಮ್ನಿರು" ಎಂದರು ಮಾವ. ಗದರಲಿಲ್ಲ, ಮೆಲ್ಲಗೆ ಅಂದರು. ಅಂದು ನನ್ನ ಕಡೆ ನೋಡಿದರು.

ಅದು ಇನ್ಸ್‌ಪೆಕ್ಟರ ಮಾತು, ಹಳೆಯ ಕಂಬಳಿಗೆ ನಾವು ಮಾಡದೆ ಬಿಟ್ಟದ್ದು. ತಡಿಕೆಯ ಆಚೆ ಮಚ್ಚು ಹಿಡಿದು ನಿಂತಿದ್ದವರಿಗೆ ಅವತ್ತು ಎಲ್ಲವೂ ಕೇಳಿಸಿತ್ತು. ಕಂಬಳಿ ಬಿಡಲ್ಲ ಎಂದು ಬದುವಿನ ಮೇಲೆ ಕೂತಿದ್ದು ಮಗನ ವಾಸನೆಗಾಗಿ ಅಲ್ಲ, ಅದನ್ನೇ ಹೊದ್ದು ಅವನ ಹಿಂದೆಯೇ ಹೋಗುವುದಕ್ಕಾಗಿ. ನನ್ನ ಸುಳ್ಳು ಸುಳ್ಳೆಂದು ತಿಳಿದೂ ಎದ್ದು ಬಂದರು. ಕಂಬಳಿಗೆ ಮೈಲಿಗೆಯಿಲ್ಲ ಎಂದ ಅತ್ತೆಗೆ ತಿಳಿಯಬಾರದೆಂದು ಇಷ್ಟು ವರ್ಷ ಆ ಸುಳ್ಳನ್ನು ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸುತ್ತ, ತಾವು ನಂಬಿದವರ ಹಾಗೆ ಇದ್ದರು.

ಕಂಬಳಿಯನ್ನು ಹೊತ್ತುಕೊಂಡು ಮನೆಯ ಹಿಂದಿನ ಬಂಡೆಗೆ ಹೋಗಿ ಹರಡಿದೆ. ಮಾವ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ಹೊತ್ತು ನೆತ್ತಿಗೆ ಬಂತು. ಮಗುಚಿ ಹಾಕುವ ಹೊತ್ತಾದಾಗ ಅವರೇ ಎದ್ದು ಬಗ್ಗಿ ಆ ಕಡೆಯ ಎರಡು ತುದಿ ಹಿಡಿದರು. ನಾನು ಈ ಕಡೆಯ ಎರಡು ತುದಿ ಹಿಡಿದೆ.